ಕೊಬ್ಬರಿಗೆ ಅಟ್ಟ, ಕಾಯಿ ಸುಲಿದವನಿಗೆ ಸೂರಿಲ್ಲ

ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಕೊಬ್ಬರಿ ಹೆಂಗಾಗುತ್ತೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿ ಕೆಡವಿ ಅಟ್ಟಕ್ಕೆ ಹಾಕುತ್ತಾರೆ. ಎಂಟು ಹತ್ತು ತಿಂಗಳು ಅದು ಅಲ್ಲೇ ಇರುತ್ತದೆ. ಅದರ ಮೇಲೆ ಮಳೆ ಹನಿ ಬೀಳಬಾರದು, ಥಂಡಿ ತಾಗಬಾರದು, ಗಾಳಿ ಆಡುತ್ತಿರಬೇಕು. ಇಲ್ಲದಿದ್ದರೆ ಕಾಯಿ ಕೊಳೆಯುತ್ತದೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆದ ಮೇಲೆ ಸುಲಿಸಿ, ಒಡೆಸಿ, ತಿಪಟೂರು ಮಾರ್ಕೆಟ್ಟಿಗೆ ಸಾಗಿಸುತ್ತಾರೆ.

ಕಾಯಿಗೆ ಇಷ್ಟು ಜೋಪಾನ. ಆ ಕಾಯಿ ಕೆಡವಿದವರು, ಹೊತ್ತವರು, ಸುಲಿದವರು, ಗರಿ ಎಳೆದವರು ಈಗ ಮುದುಕರಾಗಿದ್ದಾರೆ. ಅವರ ಮನೆಗಳನ್ನು ಹೋಗಿ ನೋಡಿ. ಜನತಾ ಮನೆ ಅಂತ ಕೊಟ್ಟ ಒಂದು ಅಂಕಣ. ಹೆಂಚು ಜಾರಿ ಪ್ಲಾಸ್ಟಿಕ್ ಹೊದ್ದಿದೆ. ಮಳೆ ಬಂದರೆ ಹಾಸಿಗೆ ಸುತ್ತಿಕೊಂಡು ಒಂದು ಮೂಲೆಯಲ್ಲಿ ಕೂರಬೇಕು. ಥಂಡಿ ತಗುಲಬಾರದು ಅನ್ನುವ ನಿಯಮ ಕಾಯಿಗಿದೆ, ಮುದುಕಿಗಿಲ್ಲ.

ಇದನ್ನು ಪಂಚಾಯ್ತಿಯಲ್ಲಿ ಕೇಳಿದರೆ ಬರುವ ಉತ್ತರ ಒಂದೇ: "ದುಡ್ಡಿಲ್ಲ ಕಣ್ರಪ್ಪ." ಈ ದುಡ್ಡಿಲ್ಲ ಅನ್ನುವ ಮಾತನ್ನು ಇವತ್ತು ಬಿಚ್ಚಿ ನೋಡೋಣ. ದುಡ್ಡು ಇಲ್ಲದೆ ಇಲ್ಲ. ಅದನ್ನು ಯಾರ ಹತ್ತಿರ ಎತ್ತುತ್ತಾರೆ, ಯಾರ ತಲೆ ಮೇಲೆ ಸುರಿಯುತ್ತಾರೆ ಅನ್ನುವುದೇ ಪ್ರಶ್ನೆ.

ಈ ಮುದುಕರು ಯಾರು?

ಇವತ್ತು ಎಪ್ಪತ್ತರ ಹತ್ತಿರ ಇರುವವರು 1976ರ ಜೀತ ರದ್ದು ಕಾಯ್ದೆ ಬಂದಾಗ ಹದಿನೆಂಟು ಇಪ್ಪತ್ತರ ಹುಡುಗರು. ಕಾನೂನು ಬರುವ ಮುಂಚೆ ದನ ಕಾದವರು, ಸಗಣಿ ಬಾಚಿದವರು. ಕಾನೂನು ಬಂದ ಮೇಲೂ ಕೂಲಿ ಅನ್ನುವ ಹೆಸರಿನಲ್ಲಿ ಅದೇ ತೋಟದಲ್ಲಿ ದುಡಿದವರು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಉಳುವವನೇ ಒಡೆಯ ಅಂದರು. ಗೇಣಿದಾರನಿಗೆ ಭೂಮಿ ಬಂತು. ಇವರಿಗೆ ಗೇಣಿಯೂ ಇರಲಿಲ್ಲ, ಬರೀ ಕೂಲಿ. ಕೂಲಿಯವನಿಗೆ ಫಾರಂ ನಂಬರ್ 7 ಎಲ್ಲಿಂದ ಬರಬೇಕು? ಅವನಿಗೆ ಸಿಕ್ಕಿದ್ದು ಊರಾಚೆ ಒಂದು ನಿವೇಶನ, ಅದರ ಮೇಲೊಂದು ಜನತಾ ಮನೆ.

ಇವರ ಮಕ್ಕಳು, ಅಂದರೆ ನಿಮ್ಮ ಅಪ್ಪ, ಚಿಕ್ಕಪ್ಪ, ಅತ್ತೆ, ಬೆಂಗಳೂರು ಸೇರಿದರು. ಗಾರ್ಮೆಂಟ್ಸು, ಡ್ರೈವಿಂಗು, ಗಾರೆ ಕೆಲಸ, ಸೆಕ್ಯೂರಿಟಿ. ಬರುವ ಸಂಬಳ ಅಲ್ಲಿನ ಬಾಡಿಗೆಗೇ ಸಾಲದು. ಊರಲ್ಲಿ ಉಳಿದವರು ಮುದುಕ ಮುದುಕಿ, ಒಂದು ನಾಯಿ.

ಅವರ ಆದಾಯ ಎಷ್ಟು? 65 ದಾಟಿದವರಿಗೆ ಸಂಧ್ಯಾ ಸುರಕ್ಷಾ. 2007ರಲ್ಲಿ ಶುರುವಾದ ಈ ಪಿಂಚಣಿ 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಸರ್ಕಾರ ತನ್ನ ಪಾಲು ಅಂತ ಕೊಡುತ್ತಾ ಬಂದದ್ದು 60ರಿಂದ 79 ವರ್ಷದವರಿಗೆ 200 ರೂಪಾಯಿ. 2007ರಲ್ಲೂ 200, ಹದಿನೆಂಟು ವರ್ಷ ಕಳೆದ ಮೇಲೂ 200.

ಇನ್ನೊಂದು ಲೆಕ್ಕ ಹಾಕಿ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಬೆಲೆ ಬಿದ್ದಾಗ ರೈತರು ತಿಪಟೂರಿನಲ್ಲಿ ಬೀದಿಗಿಳಿದಿದ್ದರು, ಸರ್ಕಾರ ಕೇಳಿತು. ಒಳ್ಳೆಯದೇ. ಒಂದೆರಡು ಎಕರೆಯ ರೈತ ಬದುಕಬೇಕು ಅಂತ ನಾವೂ ಹೇಳುತ್ತೇವೆ. ಆದರೆ ಬೆಂಬಲ ಬೆಲೆಯ ಲೆಕ್ಕದಲ್ಲಿ ನಮ್ಮ ಮುದುಕಿಯ ಒಂದು ತಿಂಗಳ ಪಿಂಚಣಿ ಎಂದರೆ ಹತ್ತು ಕೆ.ಜಿ. ಕೊಬ್ಬರಿ. ಆಯುಷ್ಯವೆಲ್ಲ ಸುಲಿದದ್ದಕ್ಕೆ ತಿಂಗಳಿಗೆ ಹತ್ತು ಕೆ.ಜಿ.! ಇದರಲ್ಲಿ ಅಕ್ಕಿ ಬೇಳೆ, ಮಾತ್ರೆ, ಬಸ್ ಚಾರ್ಜು ಎಲ್ಲ ಕಳೆದು ಅವಳು ಹೆಂಚು ಹಾಕಿಸಬೇಕಂತೆ.

ಒಮ್ಮೆ ಕೊಟ್ಟಾಯ್ತಲ್ಲ!

ಹೋಗಿ ಮನೆ ಕೇಳಿದರೆ ಕಂಪ್ಯೂಟರ್ ನೋಡಿ ಹೇಳುತ್ತಾರೆ: "ಅಜ್ಜಿ, ನಿನ್ನ ಗಂಡನ ಹೆಸರಲ್ಲಿ ಮನೆ ಆಗಿದೆಯಲ್ಲ." ಯಾವಾಗ ಆದದ್ದು? ಮೂವತ್ತು ನಲವತ್ತು ವರ್ಷದ ಹಿಂದೆ. ಒಮ್ಮೆ ಮನೆ ಪಡೆದವರಿಗೆ ಮತ್ತೆ ಇಲ್ಲ, ಇದು ನಿಯಮ. ಇಂದಿರಾ ಆವಾಸ್ ಯೋಜನೆ 1985-86ರಲ್ಲಿ ಹುಟ್ಟಿದ್ದೇ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಜೀತಮುಕ್ತರಿಗಾಗಿ. ಅಂದರೆ ಮೊದಲು ಮನೆ ಪಡೆದವರು ನಾವು, ಆದ್ದರಿಂದ ಮೊದಲು ಮನೆ ಬಿದ್ದವರೂ ನಾವು. ಕಡಿಮೆ ದುಡ್ಡಲ್ಲಿ, ಕಂಟ್ರಾಕ್ಟರನ ಮಣ್ಣು ಮಿಶ್ರಿತ ಗಾರೆಯಲ್ಲಿ ಎದ್ದ ಗೋಡೆ ಎಷ್ಟು ದಿನ ನಿಲ್ಲಬೇಕು? ಗೋಡೆ ಬಿದ್ದರೂ ಕಡತದಲ್ಲಿ ಮನೆ ನಿಂತಿದೆ. ಅಜ್ಜಿ ಮಳೆಯಲ್ಲಿ ನೆನೆಯುತ್ತಿದ್ದಾಳೆ, ಸರ್ಕಾರದ ಲೆಕ್ಕದಲ್ಲಿ ಅವಳು ವಸತಿ ಸಹಿತಳು.

ಇನ್ನು ಪಟ್ಟಿಯ ಕಥೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಬಂತು. ಅದಕ್ಕೆ ಆಧಾರ 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿ. ಅದರಲ್ಲಿ ಒಂದು ಒಳ್ಳೆಯ ಅಂಶ ಇತ್ತು: 16ರಿಂದ 59 ವಯಸ್ಸಿನ ಒಬ್ಬರೂ ಇಲ್ಲದ ಕುಟುಂಬಕ್ಕೆ ಆದ್ಯತೆ. ಅಂದರೆ ಮುದುಕರೇ ಇರುವ ಮನೆಗೆ ಮೊದಲು. ಕಾಗದದ ಮೇಲೆ ಚೆನ್ನಾಗಿದೆ. ಆದರೆ 2011ರಲ್ಲಿ ಐವತ್ತೈದಾಗಿದ್ದ ಕೂಲಿಯವನು ಆ ಪಟ್ಟಿಯಲ್ಲಿ ದುಡಿಯುವ ಗಂಡಸು. ಈಗ ಅವನಿಗೆ ಎಪ್ಪತ್ತು. ಪಟ್ಟಿಗೆ ವಯಸ್ಸಾಗಲಿಲ್ಲ, ಅವನಿಗೆ ಆಯ್ತು. 2018ರಲ್ಲಿ ಆವಾಸ್ ಪ್ಲಸ್ ಅಂತ ಬಿಟ್ಟುಹೋದವರ ಸಮೀಕ್ಷೆ ಮಾಡಿದರು. ಆಮೇಲೆ ಮೊಬೈಲಿನಲ್ಲಿ ಮುಖ ತೋರಿಸಿ ನೀವೇ ಸಮೀಕ್ಷೆ ಮಾಡಿಕೊಳ್ಳಿ ಅಂದರು. ಕಣ್ಣು ಮಂಜಾದ ಮುದುಕಿ, ಕೈಲಿ ಮೊಬೈಲಿಲ್ಲ, ಇದ್ದರೂ ಕರೆನ್ಸಿ ಇಲ್ಲ. ಯಾರ ಮುಂದೆ ಮುಖ ತೋರಿಸಬೇಕು?

ದುಡ್ಡು ಬರುವ ದಾರಿಯೇ ಡೊಂಕು

ಸರಿ, ಪಟ್ಟಿಯಲ್ಲಿ ಹೆಸರು ಬಂತು ಅಂದುಕೊಳ್ಳಿ. ಆಮೇಲೆ? ಕೇಂದ್ರದ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ 1.20 ಲಕ್ಷ. 2016ರಲ್ಲಿ ಗೊತ್ತು ಮಾಡಿದ ಈ ಮೊತ್ತವನ್ನೇ 2024ರಲ್ಲಿ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ಮನೆಯ ಅಳತೆ ಕನಿಷ್ಠ 25 ಚದರ ಮೀಟರು, ಅಂದರೆ ಸುಮಾರು 269 ಚದರ ಅಡಿ. ಭಾಗಿಸಿ ನೋಡಿ, ಚದರ ಅಡಿಗೆ 450 ರೂಪಾಯಿಯೂ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ಪರಿಶಿಷ್ಟರಿಗೆ 1.75 ಲಕ್ಷ ಅಂತ ಮಾಡಿದರು. ಆಗ ಚದರ ಅಡಿಗೆ 650. ನಿಮ್ಮೂರಿನ ಮೇಸ್ತ್ರಿಯನ್ನು ಈ ರೇಟಿಗೆ ಮನೆ ಕಟ್ಟಿಕೊಡ್ತೀಯಾ ಅಂತ ಕೇಳಿ. ನಕ್ಕು ಬೀಡಿ ಹಚ್ಚುತ್ತಾನೆ.

ಅದಾದರೂ ಒಟ್ಟಿಗೆ ಬರುವುದಿಲ್ಲ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಚಾವಣಿ, ಮುಕ್ತಾಯ, ಹೀಗೆ ಹಂತ ಹಂತ. ತಳಪಾಯ ಹಾಕಿ ಫೋಟೊ ತೆಗೆಸಿದ ಮೇಲೆ ಮೊದಲ ಕಂತು. ಕಾಲಮಿತಿಯಲ್ಲಿ ತಳಪಾಯ ಆಗದಿದ್ದರೆ ಮನೆ ಬ್ಲಾಕ್. ಆ ಮೊದಲ ತಳಪಾಯಕ್ಕೆ ದುಡ್ಡು ಯಾರು ಕೊಡಬೇಕು? ಮೂವತ್ತರ ಗಂಡಸಾದರೆ ಸಂಘದಲ್ಲಿ ಸಾಲ ತೆಗೆಯುತ್ತಾನೆ, ತಾನೇ ಮಣ್ಣು ಅಗೆಯುತ್ತಾನೆ. ಎಪ್ಪತ್ತರ ಮುದುಕಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಕೇಂದ್ರದ ಯೋಜನೆಯಲ್ಲಿ ಬೇಕಿದ್ದರೆ 70,000 ರೂಪಾಯಿವರೆಗೆ ಬ್ಯಾಂಕ್ ಸಾಲ ಉಂಟು ಅಂತ ಬರೆದಿದ್ದಾರೆ. ಮ್ಯಾನೇಜರು ಮೊದಲು ಕೇಳುವುದು ವಯಸ್ಸು, ಆಮೇಲೆ ಜಾಮೀನು. ಕೊನೆಗೆ ಅವಳು ಹೋಗುವುದು ಬಡ್ಡಿಯವನ ಹತ್ತಿರ. ಇಲ್ಲಾಂದ್ರೆ, "ಸೈನು ಹಾಕು ಅಜ್ಜಿ, ನಾನೇ ಕಟ್ಟಿಸ್ತೀನಿ" ಅನ್ನುವ ಪುಢಾರಿಯ ಹತ್ತಿರ. ಅರ್ಧ ಗೋಡೆ ಎದ್ದು ನಿಲ್ಲುತ್ತದೆ.

ಕೇಳಿ, ಇದಕ್ಕೂ ಅದೇ ಮಾರ್ಗಸೂಚಿಯಲ್ಲಿ ಮದ್ದಿದೆ. ವಯಸ್ಸಾದವರು, ಅಶಕ್ತರು, ಅಂಗವಿಕಲರು ತಾವೇ ಮನೆ ಕಟ್ಟಿಸಿಕೊಳ್ಳಲಾಗದಿದ್ದರೆ ಗಾರೆ ಕೆಲಸದವರ ತರಬೇತಿಯಲ್ಲಿ ಆ ಮನೆಯನ್ನು ಕಟ್ಟಿಕೊಡಬಹುದು. ಅದೂ ಆಗದಿದ್ದರೆ ರಾಜ್ಯ ಸರ್ಕಾರ ಗ್ರಾಮ ಪಂಚಾಯ್ತಿ ಮೂಲಕ ನೆರವಾಗಬೇಕು. ಇದು ನಾವು ಹುಟ್ಟಿಸಿದ ಮಾತಲ್ಲ, ಅವರದೇ ಪುಸ್ತಕ. ಈ ಸಾಲನ್ನು ಯಾವ ಗ್ರಾಮಸಭೆಯಲ್ಲಾದರೂ ಓದಿ ಹೇಳಿದ್ದನ್ನು ನೀವು ಕೇಳಿದ್ದೀರಾ?

ಇನ್ನು ತೋಟದೊಳಗೇ ಗುಡಿಸಲು ಹಾಕಿಕೊಂಡು ಕಾವಲಿದ್ದವರ ಪಾಡು ಬೇರೆ. ಜಾಗದ ಪತ್ರ ಇಲ್ಲದವರಿಗೆ ಮನೆ ಇಲ್ಲ. ಭೂಸುಧಾರಣಾ ಕಾಯ್ದೆಯ 38ನೇ ಕಲಮು, ಬೇರೆಯವರ ಜಮೀನಿನಲ್ಲಿ ಮನೆ ಮಾಡಿಕೊಂಡ ಕೃಷಿ ಕಾರ್ಮಿಕನಿಗೆ ಆ ಜಾಗದ ಹಕ್ಕು ಕೊಡುವ ಕಲಮು. ಕಾಲಿಗೆ ಬಲ ಇದ್ದಾಗ ಅದನ್ನು ಕೇಳಿದರೆ ಕೂಲಿ ತಪ್ಪುತ್ತಿತ್ತು. ಈಗ ಕೇಳೋಣ ಅಂದರೆ ಕಾಲಿಗೆ ಬಲ ಇಲ್ಲ.

ಅವರ ನಾಲ್ಕು ಮಾತು, ನಮ್ಮ ಉತ್ತರ

ಮೊದಲನೆಯದು: "ಮಕ್ಕಳು ನೋಡ್ಕೊಳ್ಳಲಿ." ಅದಕ್ಕೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ತೋರಿಸುತ್ತಾರೆ. ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿದರೆ ತಿಂಗಳಿಗೆ 10,000ದವರೆಗೆ ಜೀವನಾಂಶ ಕೊಡಿಸಬಹುದಂತೆ. ಆಸ್ತಿ ಬರೆಸಿಕೊಂಡು ಬೀದಿಗೆ ತಳ್ಳಿದ ಮಗನ ದಾನಪತ್ರವನ್ನು 23ನೇ ಕಲಮಿನಲ್ಲಿ ರದ್ದು ಮಾಡಿಸಬಹುದು. ಒಳ್ಳೆಯ ಕಾನೂನು. ಆಸ್ತಿ ಇದ್ದವರಿಗೆ! ನಮ್ಮ ಮುದುಕಿ ಮಗನಿಗೆ ಬರೆದುಕೊಟ್ಟದ್ದು ಏನು? ಪೊರಕೆ, ಕುಡುಗೋಲು. ಗಾರ್ಮೆಂಟ್ಸ್ ಮಗಳ ಸಂಬಳದಿಂದ ಯಾವ ಕೋರ್ಟು ಚಾವಣಿ ಎಬ್ಬಿಸುತ್ತದೆ? ಬಡವರ ಮೇಲೇ ಬಡವರನ್ನು ಛೂ ಬಿಟ್ಟು ಸರ್ಕಾರ ಕೈ ತೊಳೆದುಕೊಳ್ಳುವುದು ಇದು.

ಎರಡನೆಯದು: "ವೃದ್ಧಾಶ್ರಮಕ್ಕೆ ಹೋಗಲಿ." ಅದೇ ಕಾಯ್ದೆಯ 19ನೇ ಕಲಮು ಜಿಲ್ಲೆಗೆ ಒಂದಾದರೂ 150 ಜನರ ವೃದ್ಧಾಶ್ರಮ ಸ್ಥಾಪಿಸಬಹುದು ಎನ್ನುತ್ತದೆ. ಸ್ಥಾಪಿಸಬೇಕು ಅಂತಲ್ಲ, ಸ್ಥಾಪಿಸಬಹುದು. ಹತ್ತು ತಾಲ್ಲೂಕಿನ ತುಮಕೂರು ಜಿಲ್ಲೆಗೆ 150 ಮಂಚ ಯಾವ ಮೂಲೆಗೆ? ಅದೂ ಇರಲಿ. ನಮ್ಮವರು ಕೇಳುತ್ತಿರುವುದು ಆಶ್ರಮವನ್ನಲ್ಲ. ಹುಟ್ಟಿದ ಕೇರಿಯಲ್ಲಿ, ಮಾತಾಡಿಸುವ ನಾಲ್ಕು ಜನರ ನಡುವೆ, ಸೋರದ ಒಂದು ಕೋಣೆ, ಹತ್ತಿರದಲ್ಲಿ ಕಕ್ಕಸ್ಸು, ಬೀಳದಂತೆ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ. ಆಶ್ರಮದ ಪಂಕ್ತಿಯಲ್ಲಿ ಜಾತಿ ಕೇಳುವುದಿಲ್ಲ ಅಂತ ಯಾರು ಬರೆದುಕೊಡುತ್ತಾರೆ?

ಮೂರನೆಯದು: "ಪಂಚಾಯ್ತಿಗೆ ಆದಾಯ ಇಲ್ಲ, ವಸತಿ ನಮ್ಮ ಕೆಲಸವೂ ಅಲ್ಲ." ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗೆ 29 ವಿಷಯ ಕೊಟ್ಟಿದ್ದಾರೆ, ಹತ್ತನೆಯದೇ ಗ್ರಾಮೀಣ ವಸತಿ. ಹಾಗಾಗಿ ಕೆಲಸ ಅವರದೇ. ಆದಾಯ ಯಾಕಿಲ್ಲ? 1993ರ ಪಂಚಾಯ್ತಿ ಕಾಯ್ದೆಯ 199ನೇ ಕಲಮು ನೋಡಿ. ಪಂಚಾಯ್ತಿ ತೆರಿಗೆ ಹಾಕಬಹುದಾದದ್ದು ಕಟ್ಟಡಕ್ಕೆ ಮತ್ತು ಕೃಷಿ ಕಂದಾಯಕ್ಕೆ ಒಳಪಡದ ಜಾಗಕ್ಕೆ. ಹಾಗೆಂದರೆ ಇಪ್ಪತ್ತು ಎಕರೆ ತೆಂಗಿನ ತೋಟ ಪಂಚಾಯ್ತಿಗೆ ಕಾಸೂ ಕೊಡಬೇಕಾಗಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೂ ಇಲ್ಲ. ಆದರೆ ಸೋರುವ ಜನತಾ ಮನೆಗೆ ಕಂದಾಯ ಉಂಟು! ಬಾಕಿ ಇದ್ದರೆ ಇ-ಖಾತೆಗೆ ಅಲೆದಾಟ. ತೆರಿಗೆಯ ಬಲೆಯಲ್ಲಿ ಸಣ್ಣ ಮೀನು ಸಿಕ್ಕಿಬೀಳುತ್ತದೆ, ದೊಡ್ಡದಕ್ಕೆ ಬಲೆಯೇ ಹಾಕಿಲ್ಲ. ಹಾಗೆ ಬಂದ ಸ್ವಂತ ಆದಾಯದಲ್ಲೂ ಶೇ. 25 ಪರಿಶಿಷ್ಟರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಆ ಇಪ್ಪತ್ತೈದು ಎಲ್ಲಿ ಹೋಗುತ್ತದೆ ಅಂತ ರಿಜಿಸ್ಟರ್ ತೆಗೆಸಿ ನೋಡಿ. ಕೇರಿಯ ಹೆಸರಿನಲ್ಲಿ ಬೀದಿ ದೀಪ, ಕೇರಿಯ ಹೆಸರಿನಲ್ಲಿ ಚರಂಡಿ, ಕೊನೆಗೆ ಆ ಚರಂಡಿ ಯಾರ ಮನೆ ಮುಂದಿದೆ?

ನಾಲ್ಕನೆಯದು: "ರಾಜ್ಯದಿಂದಲೇ ಬರ್ತಿಲ್ಲ." ಇದು ಅರ್ಧ ನಿಜ. ಕರ್ನಾಟಕದಲ್ಲಿ 2013ರ ಉಪಯೋಜನೆ ಕಾಯ್ದೆ ಇದೆ. ಅಭಿವೃದ್ಧಿ ಹಣದಲ್ಲಿ ಶೇ. 24.1 ಪರಿಶಿಷ್ಟ ಜಾತಿ, ಪಂಗಡಗಳ ಪಾಲು. ಹಣವನ್ನು ಬೇರೆ ಕಡೆ ತಿರುಗಿಸಲು ದಾರಿ ಮಾಡಿದ್ದ 7(ಡಿ) ಕಲಮನ್ನು 2023ರಲ್ಲಿ ಕಿತ್ತರು. ನಾವು ಚಪ್ಪಾಳೆ ತಟ್ಟಿದೆವು. ಅದೇ 2023-24ರಲ್ಲಿ ಆ ಹಣದಿಂದ 11,144 ಕೋಟಿ ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. 2024-25ರಲ್ಲಿ 39,121 ಕೋಟಿಯಲ್ಲಿ 14,282 ಕೋಟಿ ಅದಕ್ಕೇ ಇಟ್ಟರು. ನಮ್ಮ ಅವ್ವಂದಿರಿಗೂ ತಿಂಗಳಿಗೆ 2,000 ಬರುತ್ತದಲ್ಲ ಅಂತಾರೆ. ಬರಲಿ, ಅದು ಎಲ್ಲ ಜಾತಿಯ ಹೆಂಗಸರಿಗೂ ಬರುವ ಹಾಗೆ ಅವಳಿಗೂ ಬರಬೇಕಾದ ಹಣ. ಗೌಡರ ಮನೆಯ ಹೆಂಗಸಿಗೆ ಸಾಮಾನ್ಯ ಬಜೆಟ್ಟಿನಿಂದ, ಕೇರಿಯ ಹೆಂಗಸಿಗೆ ಕೇರಿಯ ಮನೆ ದುಡ್ಡಿನಿಂದ, ಇದು ಯಾವ ನ್ಯಾಯ? ನಮ್ಮ ಅಟ್ಟದ ಕಾಯಿ ತೆಗೆದು ನಮಗೇ ದಾನ ಮಾಡಿದ ಹಾಗೆ.

ಇದನ್ನು ಕೇಳುವ ಜಾಗಗಳೂ ಖಾಲಿ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷಕ್ಕೂ ಮೇಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಮುದುಕರ ಮನೆಗೆ ಹಣ ಇಡಿ ಅಂತ ಕೈ ಎತ್ತಲು ಅಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ.

ಬೇರೆ ಕಡೆ ಹೆಂಗೆ ಮಾಡಿದರು?

ಪಕ್ಕದ ಕೇರಳವೂ ತೆಂಗಿನ ನಾಡೇ. ಅಲ್ಲಿ ಕೃಷಿ ಕೂಲಿಯವರಿಗೆ ಪಿಂಚಣಿ ಬಂದದ್ದು 1980ರಲ್ಲಿ. 2017ರಿಂದ ಲೈಫ್ ಮಿಷನ್ ಅಂತ ಮನೆ ಯೋಜನೆ. ಮನೆಗೆ 4 ಲಕ್ಷ. ಹಣ ಎಲ್ಲಿಂದ? ಸ್ಥಳೀಯ ಸಂಸ್ಥೆಗಳು ತಮ್ಮ ಯೋಜನಾ ಹಣದಲ್ಲಿ ಶೇ. 20 ಮನೆಗೆ ಇಡಬೇಕು. ಸಾಲದ್ದಕ್ಕೆ ಹುಡ್ಕೋ ಸಾಲ. ಗಮನಿಸಿ: ಸಾಲ ತೆಗೆದದ್ದು ಸಂಸ್ಥೆ, ಮುದುಕಿಯಲ್ಲ. ಇಡೀ ವ್ಯತ್ಯಾಸ ಇಷ್ಟೇ. ತಮಿಳುನಾಡು 2024ರಲ್ಲಿ ಕಲೈಂಞರ್ ಕನವು ಇಲ್ಲಂ ಅಂತ 3.5 ಲಕ್ಷದವರೆಗಿನ ಮನೆ ಶುರು ಮಾಡಿತು. ನಾವು ಇನ್ನೂ 1.75ರಲ್ಲಿ ನಿಂತಿದ್ದೇವೆ.

ದೂರದ ಮಾತು ಒಂದು. ಆಸ್ಟ್ರಿಯಾದ ವಿಯೆನ್ನಾ ನಗರಸಭೆ 1923ರಲ್ಲಿ ಮನೆ ತೆರಿಗೆ ಹಾಕಿತು. ಬಂಗಲೆಗೆ ಹೆಚ್ಚು, ಕೂಲಿಯವನ ಕೋಣೆಗೆ ಅತಿ ಕಡಿಮೆ. ಆ ಹಣದಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿ ಕಾರ್ಮಿಕರಿಗೆ ಕಡಿಮೆ ಬಾಡಿಗೆಗೆ ಕೊಟ್ಟಿತು. ಯುದ್ಧದಲ್ಲಿ ಸೋತು, ಹಸಿದು ಕೂತಿದ್ದ ಊರು ಅದು. ಅಲ್ಲಿಯೂ ದೊಡ್ಡವರು ದುಡ್ಡಿಲ್ಲ ಅಂದರು. ನಗರಸಭೆ ಅವರ ಬಾಗಿಲಿಗೇ ಹೋಗಿ ಎಣಿಸಿತು.

ಠರಾವು ಒಂದೇ ಸಾಲದು

ಸ್ಥಳೀಯ ಸಂಸ್ಥೆಯ ಠರಾವಿಗೆ ಬೆಲೆ ಎಷ್ಟು ಅಂತ ತಿಳಿಯಲು ಮಹಾಡ್ ನೆನೆಯಿರಿ. 1923ರಲ್ಲಿ ಮುಂಬೈ ಶಾಸನಸಭೆಯಲ್ಲಿ ಬೋಲೆಯವರ ನಿರ್ಣಯ ಪಾಸಾಯ್ತು. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಠರಾವು ಕಡತದಲ್ಲಿತ್ತು, ನೀರು ಕೆರೆಯಲ್ಲಿತ್ತು, ನಮ್ಮವರು ದಡದಾಚೆ ಇದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ನೀರು ಮುಟ್ಟಿದ ಮೇಲೆ ಆ ಕಾಗದಕ್ಕೆ ಜೀವ ಬಂತು. ಮಾರ್ಗಸೂಚಿ, ಕಾಯ್ದೆ, ಶೇ. 25, ಶೇ. 24.1 ಎಲ್ಲವೂ ಇವತ್ತು ಆ ಠರಾವಿನ ಹಾಗೆ ಕಡತದಲ್ಲಿ ಮಲಗಿವೆ.

ನಾವು ಕೇಳುವುದು ಇಷ್ಟು:

1. ಹಳೆಯ ಜನತಾ, ಆಶ್ರಯ, ಇಂದಿರಾ ಆವಾಸ್ ಮನೆಗಳಲ್ಲಿ ಇರುವ ಅರವತ್ತು ದಾಟಿದವರಿಗೆ ದುರಸ್ತಿಗೆಂದೇ ಬೇರೆ ಹಣ. "ಒಮ್ಮೆ ಕೊಟ್ಟಾಯ್ತು" ಅನ್ನುವ ನಿಯಮ ಬಿದ್ದ ಮನೆಗೆ ಅನ್ವಯಿಸಬಾರದು.

2. ಮುದುಕರೇ ಇರುವ ಕುಟುಂಬಕ್ಕೆ ಕಂತಿನ ಆಟ ಬೇಡ. ತಳಪಾಯದ ಹಣ ಮುಂಗಡ ಕೊಡಲಿ, ಇಲ್ಲವೇ ಪಂಚಾಯ್ತಿಯೇ ಕಟ್ಟಿಸಿಕೊಡಲಿ. ಸಾಲ ಬೇಕಾದರೆ ಸರ್ಕಾರ ತೆಗೆಯಲಿ.

3. ಪಂಚಾಯ್ತಿಯ ಶೇ. 25ರೊಳಗೆ ಮುದುಕರ ಸೂರಿಗೆ ಇಷ್ಟು ಅಂತ ಪ್ರತಿ ವರ್ಷ ಬಜೆಟ್ಟಿನಲ್ಲಿ ಗೆರೆ ಎಳೆಯಲಿ, ಕೇರಿಯ ಗೋಡೆ ಮೇಲೆ ಬರೆಸಲಿ.

4. ಉಪಯೋಜನೆ ಹಣ ಸಾಮಾನ್ಯ ಯೋಜನೆಗಳಿಗೆ ಹೋಗುವುದು ನಿಲ್ಲಲಿ.

5. ಕಟ್ಟಡ ಕಟ್ಟುವವರಿಗೆ 1996ರ ಕಾನೂನಿನಿಂದ ಶೇ. 1ರ ಸೆಸ್ ಬಂತು, ಕಲ್ಯಾಣ ಮಂಡಳಿ ಬಂತು. ತೆಂಗಿನ ಕೂಲಿಯವರಿಗೂ ಹಾಗೇ ಬರಲಿ. ಸಣ್ಣ ರೈತನನ್ನು ಬಿಟ್ಟು, ದೊಡ್ಡ ತೋಟ ಮತ್ತು ದೊಡ್ಡ ವಹಿವಾಟಿನ ಮೇಲೆ ಸಣ್ಣ ಸೆಸ್ ಹಾಕಲಿ.

ಹಾಸ್ಟೆಲ್ ಗೆಳೆಯರೇ, ನಿಮಗೊಂದು ಮಾತು. ನೀವು ಓದುತ್ತಿರುವುದು ಆ ಮುದುಕರು ಓದಲಾಗದ ಕಾಗದಗಳನ್ನು ಓದುವುದಕ್ಕೂ ಹೌದು. ರಜಕ್ಕೆ ಊರಿಗೆ ಹೋದಾಗ ಕ್ರಿಕೆಟ್ ಆಡಿ, ಸಿನಿಮಾ ನೋಡಿ, ಬೇಡ ಅನ್ನುವುದಿಲ್ಲ. ಎರಡು ದಿನ ಇದಕ್ಕೆ ಕೊಡಿ. ಕೇರಿಯ ಒಂದೊಂದು ಮನೆಗೆ ಹೋಗಿ ಅರವತ್ತು ದಾಟಿದವರನ್ನು ಬರೆದುಕೊಳ್ಳಿ. ಮನೆ ಯಾವ ವರ್ಷದ್ದು, ಯಾರ ಹೆಸರಲ್ಲಿದೆ, ಗಂಡ ಸತ್ತ ಮೇಲೆ ಖಾತೆ ಹೆಂಡತಿಗೆ ಬಂದಿದೆಯೋ, ಪಿಂಚಣಿ ಬರುತ್ತಿದೆಯೋ ಕೇಳಿ. ಹತ್ತು ರೂಪಾಯಿ ಇಟ್ಟು ಮಾಹಿತಿ ಹಕ್ಕಿನಲ್ಲಿ ಪಂಚಾಯ್ತಿಯ ಶೇ. 25ರ ಲೆಕ್ಕ ಮತ್ತು ಮನೆ ಪಟ್ಟಿ ತೆಗೆಯಿರಿ. ಮೂವತ್ತು ದಿನದಲ್ಲಿ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ಅಲ್ಲಿ ಮೈಕಿಗೆ ಕಾಯಬೇಡಿ, ನಿಂತು ಪಟ್ಟಿ ಓದಿ. ಮುದುಕರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಡಿ, ಮುಂದೆ ಕುರ್ಚಿಯಲ್ಲಿ ಕೂರಿಸಿ. ನಿರ್ಣಯವನ್ನು ಪುಸ್ತಕದಲ್ಲಿ ಬರೆಸದೆ ಸಹಿ ಹಾಕಬೇಡಿ.

"ಓದೋ ಹುಡುಗರಿಗೆ ಇದೆಲ್ಲ ಯಾಕ್ರಲಾ" ಅಂತ ಹೇಳುವವರು ಇದ್ದೇ ಇರುತ್ತಾರೆ. ಓದಿದ್ದಕ್ಕೇ ಕೇಳ್ತಿದೀವಿ ಅನ್ನಿ. ದುಡ್ಡಿಲ್ಲ ಅಂದರೆ ಲೆಕ್ಕದ ಪುಸ್ತಕ ತೋರಿಸಿ ಅನ್ನಿ. ಪುಸ್ತಕ ತೋರಿಸುವವರೆಗೆ ಎದ್ದು ಹೋಗಬೇಡಿ.